ಪಿ.ಜಿ.ಯಲ್ಲಿದ್ದರೂ ಬೆಂಗಳೂರಲ್ಲೇ ಹೆಸರು ಸೇರಿಸಬಹುದು

ಹಾಸನದಿಂದ ಓದೋಕೆ ಬಂದು ವಿಜಯನಗರದ ಪಿ.ಜಿ.ಯಲ್ಲಿದ್ದೀನಿ, ಬಾಡಿಗೆ ಕರಾರು ಇಲ್ಲ, ಇಲ್ಲಿ ವೋಟರ್ ಐಡಿ ಮಾಡಿಸಬಹುದಾ ಅಂತ ಕೇಳಿದ್ದೀರಿ. ಮಾಡಿಸಬಹುದು. ಒಂದು ವರ್ಷಕ್ಕೆ ಕಡಿಮೆಯಿಲ್ಲದ, ಮಾನ್ಯತೆ ಇರುವ ಕೋರ್ಸ್ ಓದುವವರು ಊರಿನ ವಿಳಾಸ ಅಥವಾ ಈಗ ಇರುವ ವಿಳಾಸ, ಎರಡರಲ್ಲಿ ಒಂದನ್ನು ಆರಿಸಬಹುದು. ಈಗಿನ ವಿಳಾಸಕ್ಕೆ ದಾಖಲೆಯಾಗಿ ಕಾಲೇಜಿನ ಪ್ರಿನ್ಸಿಪಾಲರಿಂದ ನಿಗದಿತ ನಮೂನೆಯಲ್ಲಿ ಒಂದು ದೃಢೀಕರಣ ಪತ್ರ ಬೇಕು, ಅಷ್ಟೇ.

ಹೊಸದಾಗಿ ಹೆಸರು ಸೇರಿಸೋದಾದರೆ ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ನಮೂನೆ 6 ತುಂಬಿ. ಊರಲ್ಲಿ ಆಗಲೇ ಹೆಸರಿದ್ದರೆ ಅದನ್ನು ಇಲ್ಲಿಗೆ ವರ್ಗಾಯಿಸೋಕೆ ನಮೂನೆ 8. ಎರಡೂ ಕಡೆ ಹೆಸರು ಇಟ್ಟುಕೊಳ್ಳಬೇಡಿ, ಅದು ಕಾನೂನಿಗೆ ವಿರುದ್ಧ. ಆಮೇಲೆ ಬಿ.ಎಲ್.ಒ. (ಮತಗಟ್ಟೆ ಮಟ್ಟದ ಅಧಿಕಾರಿ) ಪರಿಶೀಲನೆಗೆ ಬರುತ್ತಾರೆ. ನನ್ನ ಸಲ ಒಬ್ಬ ಮೇಡಂ ಸಂಜೆ ಬಂದು, ಮೆಟ್ಟಿಲ ಮೇಲೇ ಕೂತು ಪಟ್ಟಿಯಲ್ಲಿ ನನ್ನ ಹೆಸರಿಗೆ ಗುರುತು ಹಾಕಿಕೊಂಡರು. ಪಿ.ಜಿ. ಓನರ್‌ಗೆ ಮೊದಲೇ ಹೇಳಿಡಿ, ಇಲ್ಲಾಂದ್ರೆ ‘ಆ ಹೆಸರಿನವರು ಯಾರೂ ಇಲ್ಲ’ ಅಂದುಬಿಡುತ್ತಾರೆ!

ರೂಮ್‌ಮೇಟ್‌ಗೆ 17 ತುಂಬಿದ್ದರೆ ಅವರೂ ಮುಂಚಿತವಾಗಿ ಅರ್ಜಿ ಹಾಕಬಹುದು.

ಒಂದು ವೋಟಿಂದ ಏನಾಗುತ್ತೆ ಅಂತಲೂ ಬರೆದಿದ್ದೀರಿ. 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಜಯನಗರ ಕ್ಷೇತ್ರದ ಫಲಿತಾಂಶ ನಿಂತಿದ್ದು ಬರೀ 16 ಮತಗಳ ಮೇಲೆ. ನಿಮ್ಮ ಪಿ.ಜಿ.ಯ ಒಂದು ಮಹಡಿಯಲ್ಲೇ ಅದಕ್ಕಿಂತ ಜಾಸ್ತಿ ಜನ ಇರಬಹುದು, ಅಲ್ವಾ? ಪತ್ರಕ್ಕೆ ನಾಳೆಯೇ ಕಾಲೇಜು ಆಫೀಸಿನಲ್ಲಿ ಕೇಳಿ.