ತರಗು ಬೆಂಕಿಯನ್ನು ಕಾಡ್ಗಿಚ್ಚು ಅನ್ನಬೇಡಿ

ಪ್ರಿಯ ಓದುಗರೇ,

ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರ ಬಗ್ಗೆ ನಾವು ಹಾಕಿದ್ದ ಲೇಖನ ಓದಿ ಬೇಸರದಿಂದ ಬರೆದಿದ್ದೀರಿ. "ಕಾಡಿಗೆ ಬೆಂಕಿ ಇಡುವುದು ಯಾವ ಜ್ಞಾನ? ಹುಲಿ ಉಳಿಯಬೇಕಾದರೆ ಜನ ಹೊರಗೆ ಬರಲೇಬೇಕು" ಎಂದಿದ್ದೀರಿ. ಕಾಡಿನ ಮೇಲೆ ನಿಮಗಿರುವ ಪ್ರೀತಿ ಗೊತ್ತಾಗುತ್ತದೆ. ಮಾರ್ಚ್ ಬಿಸಿಲಿನ ಬೆಂಕಿ ಕಾಡನ್ನು ಹಾಳು ಮಾಡುತ್ತದೆ, ಒಪ್ಪಿದೆ. ಆದರೆ ಸೋಲಿಗರು ಇಡುತ್ತಿದ್ದ ತರಗು ಬೆಂಕಿ ಬೇರೆಯೇ ಸಾರ್.

ಅದು ಬೇಸಿಗೆ ಏರುವ ಮುಂಚೆ, ಜನವರಿ ಹೊತ್ತಿಗೆ, ತರಗೆಲೆ ಇನ್ನೂ ತೆಳ್ಳಗಿರುವಾಗ ಇಡುವ ಬೆಂಕಿ. ನೆಲದ ಮೇಲೆ ಹರಿದು ಹೋಗುತ್ತದೆ, ದೊಡ್ಡ ಮರ ಸುಡುವುದಿಲ್ಲ. ಆಮೇಲೆ ಎಳೆ ಹುಲ್ಲು ಚಿಗುರುತ್ತದೆ. ಕಡವೆ, ಜಿಂಕೆ ಅಲ್ಲಿಗೇ ಬರುತ್ತವೆ.

ಕೆಲವು ವರ್ಷಗಳ ಹಿಂದೆ ಒಂದು ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ, ಹೋಗಿದ್ದೆ. ಅಲ್ಲಿನ ಅಜ್ಜ ಒಂದು ನೆಲ್ಲಿ ಮರ ತೋರಿಸಿದರು. ಕೊಂಬೆ ತುಂಬ ಬಂದಳಿಕೆ, ಮರದ ಸಾರ ಹೀರಿ ಬದುಕುವ ಗಿಡ. ಅವರು ಅದನ್ನು ಉಪ್ಪಿಲು ಅನ್ನುತ್ತಾರೆ. "ಬೆಂಕಿ ನಿಂತ ಮೇಲೆ ಇದು ಜಾಸ್ತಿ ಆಯ್ತು, ಲಂಟಾನವೂ ಜಾಸ್ತಿ ಆಯ್ತು" ಅಂದರು. ಲಂಟಾನ ಅಂದರೆ ಹೊರಗಿನಿಂದ ಬಂದು ಕಾಡು ತುಂಬ ಹಬ್ಬುವ ಪೊದೆ ಕಳೆ. ನಾನೂ ಆಗ ನಿಮ್ಮ ಹಾಗೇ ನಂಬದೆ, ಸುಮ್ನೆ ತಲೆಯಾಡಿಸಿ ಬಂದೆ.

ಆಮೇಲೆ ಓದಿದೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ಇಡುವುದು ನಿಂತಿತು. ಪರಿಸರ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ (ATREE) ಸಂಸ್ಥೆಯ ಸಂಶೋಧಕರು 1997ರಲ್ಲಿ ಮತ್ತು 2008ರಲ್ಲಿ ಅದೇ ಕಾಡನ್ನು ಅಳೆದು ನೋಡಿದರು. ಲಂಟಾನ ಕಂಡ ಜಾಗಗಳು ಸುಮಾರು ಎರಡು ಪಟ್ಟಾಗಿದ್ದವು. ಒಣಗಿದ ಲಂಟಾನಕ್ಕೆ ಮಾರ್ಚ್‌ನಲ್ಲಿ ಕಿಡಿ ತಗುಲಿದರೆ ಜ್ವಾಲೆ ಕೊಂಬೆಗೇ ಏರುತ್ತದೆ. ನೀವು ಹೆದರುವ ಬೆಂಕಿ ಇದೇ ಅಲ್ವಾ? ಸಣ್ಣದನ್ನು ನಿಲ್ಲಿಸಿ ದೊಡ್ಡದನ್ನು ಕರೆದುಕೊಂಡವರು ಸೋಲಿಗರಲ್ಲ.

ಹುಲಿಯ ಮಾತು. 2011ರಲ್ಲಿ ಬೆಟ್ಟ ಹುಲಿ ರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ, ಅಂದರೆ ಊರವರೆಲ್ಲ ಸೇರಿ ಕಾಡನ್ನು ಬಳಸುವ, ನೋಡಿಕೊಳ್ಳುವ ಹಕ್ಕೂ, ಸಿಕ್ಕಿತು. 2010ರಿಂದ 2014ರ ನಡುವೆ ಹುಲಿಗಳ ಲೆಕ್ಕ 35ರಿಂದ 68ಕ್ಕೆ ಏರಿತು. ಇದಕ್ಕೆಲ್ಲ ಸೋಲಿಗರೇ ಕಾರಣ ಅಂತ ನಾನು ಹೇಳುತ್ತಿಲ್ಲ. ಜನ ಇದ್ದರೆ ಹುಲಿ ಇರಲ್ಲ ಅನ್ನುವ ಮಾತು ಈ ಬೆಟ್ಟದಲ್ಲಿ ನಿಲ್ಲುವುದಿಲ್ಲ.

ನನಗೆ ಜಾಸ್ತಿ ನೋಯುವುದು ಇನ್ನೊಂದು. ನಗರದ ಮೆರವಣಿಗೆಗೆ ತಮ್ಮ ಹಾಡು-ಕುಣಿತವಾದ ಗೊರುಕನ ಕುಣಿಯಲು ಸೋಲಿಗರು ಬೇಕು. ಕಾಡು ಹೇಗೆ ನೋಡಿಕೊಳ್ಳಬೇಕು ಅನ್ನುವ ಸಭೆಯಲ್ಲಿ ಅವರಿಗೆ ಕುರ್ಚಿ ಇಲ್ಲ. ನಮ್ಮ ಪತ್ರಿಕೆಗಳೂ ಅಷ್ಟೇ, ಅವರ ಹಾಡನ್ನು ಅಚ್ಚು ಹಾಕುತ್ತೇವೆ, ಅಭಿಪ್ರಾಯ ಕೇಳುವುದಿಲ್ಲ.

ಬರುವ ಜನವರಿಯಲ್ಲಿ ಮತ್ತೆ ಆ ಪೋಡಿಗೆ ಹೊರಟಿದ್ದೇನೆ. ನೀವೂ ಬನ್ನಿ. ಈ ಪ್ರಶ್ನೆಯನ್ನು ಅಜ್ಜನಿಗೇ ಕೇಳಿ.

— ಸಂಪಾದಕ