ಶ್ರೀಲಂಕಾದ ಬಾಗಿಲಲ್ಲಿ ಬರುವ ಮೆಣಸು

ಪ್ರಶ್ನೆ: ಯುರೋಪಿಯನ್ ಒಕ್ಕೂಟ, ಆಸಿಯಾನ್, ಸಾರ್ಕ್ ಎಲ್ಲವೂ ಒಂದೇ ಥರದ ಗುಂಪುಗಳೇ? ಅವುಗಳಿಗೂ ನಮ್ಮ ಕಾಳುಮೆಣಸಿನ ಧಾರಣೆಗೂ ಏನು ಸಂಬಂಧ?
– ಒಬ್ಬ ಬೆಳೆಗಾರ, ಸಕಲೇಶಪುರ ತಾಲ್ಲೂಕು

ಉತ್ತರ: ಒಂದೇ ಥರದವಲ್ಲ. ಹೊರಗಿನವರ ಸರಕಿಗೆ ಸುಂಕ ಗೊತ್ತುಮಾಡುವವರು ಯಾರು ಎಂಬುದರಲ್ಲಿದೆ ವ್ಯತ್ಯಾಸ. ಯುರೋಪಿನ ಆರು ದೇಶಗಳು 1968ರಲ್ಲೇ ಸುಂಕ ಒಕ್ಕೂಟ ಮಾಡಿಕೊಂಡವು. ಒಳಗೊಳಗೆ ಸುಂಕವಿಲ್ಲ, ಹೊರಗಿನವರಿಗೆ ಎಲ್ಲೆಡೆ ಒಂದೇ ದರ. ನಿಮ್ಮ ಕಾಫಿ ಇಟಲಿಯಲ್ಲಿ ಇಳಿದರೂ ಜರ್ಮನಿಯಲ್ಲಿ ಇಳಿದರೂ ಕಟ್ಟುವ ಸುಂಕ ಅಷ್ಟೇ. ನಾವು ಮಾಡಿಕೊಂಡಿರುವುದು ಬರೀ ವ್ಯಾಪಾರ ಒಪ್ಪಂದಗಳು. ಒಬ್ಬರಿಗೊಬ್ಬರು ಸುಂಕ ಇಳಿಸುತ್ತೇವೆ, ಮೂರನೆಯವರಿಗೆ ಎಷ್ಟು ಹಾಕಬೇಕೆನ್ನುವುದು ಅವರವರಿಗೆ ಬಿಟ್ಟದ್ದು. ನಿಮ್ಮ ಮೆಣಸಿಗೆ ಪೆಟ್ಟು ಬಿದ್ದದ್ದು ಈ ಸಂದಿಯಲ್ಲೇ.

ಲೆಕ್ಕ ನೋಡಿ. ಹೊರದೇಶದ ಮೆಣಸಿಗೆ ನಮ್ಮ ಮಾಮೂಲಿ ಸುಂಕ ಶೇ 70. ವಿಯೆಟ್ನಾಂ ಸೇರಿ ಆಗ್ನೇಯ ಏಷ್ಯಾ ದೇಶಗಳ ಗುಂಪಾದ ಆಸಿಯಾನ್ ಜೊತೆ 2010ರಲ್ಲಿ ಜಾರಿಗೆ ಬಂದ ಒಪ್ಪಂದದಡಿ ಅದನ್ನು 2019ರ ಹೊತ್ತಿಗೆ ಶೇ 50ಕ್ಕೆ ಇಳಿಸುವುದೆಂದಾಯಿತು. ವಿಯೆಟ್ನಾಂ ಮೆಣಸಿಗೆ ಅದೂ ಭಾರವೇ. ಶ್ರೀಲಂಕಾದ ಮಾತೇ ಬೇರೆ. ನಮಗೂ ಅವರಿಗೂ ಇರುವ ಒಪ್ಪಂದದಡಿ ಅಲ್ಲಿಂದ ವರ್ಷಕ್ಕೆ 2,500 ಟನ್ ಸುಂಕವಿಲ್ಲದೆ ಬರಬಹುದು. ಅದನ್ನು ಮೀರಿದ್ದಕ್ಕೆ ನಾವೂ ಶ್ರೀಲಂಕಾವೂ ಇರುವ ದಕ್ಷಿಣ ಏಷ್ಯಾದ ಗುಂಪು ಸಾರ್ಕ್‌ನ ಸಾಫ್ಟಾ ಎಂಬ ವ್ಯಾಪಾರ ಒಪ್ಪಂದದಡಿ ಶೇ 8 ಕಟ್ಟಿದರಾಯಿತು. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಲ್ಲಿ ಒಳಗೆ ಬರುತ್ತಿದೆ ಎಂದು ಬೆಳೆಗಾರರು ವರ್ಷಗಟ್ಟಲೆ ಕೂಗಿದ್ದು ಅದಕ್ಕೇ.

ಇದನ್ನು ತಡೆಯಲೆಂದೇ ಸರಕಿನ ಜೊತೆ ಅದು ಯಾವ ದೇಶದ್ದೆಂದು ಹೇಳುವ ಮೂಲದ ಪತ್ರ ಬರಬೇಕು. ಆದರೆ ಕಾಳು ನೋಡಿ ಊರು ಹೇಳುವುದು ಹೇಗೆ? ನಮ್ಮ ಮೂಡಿಗೆರೆ ಮನೆಯ ಕಣದಲ್ಲಿ ಒಣಹಾಕಿದ ಪಣಿಯೂರು ತಳಿಯ ಕಾಳನ್ನು ಹಲ್ಲಿನಲ್ಲಿ ಕಡಿದರೆ ಒಣಗಿದೆಯೋ ಇಲ್ಲವೋ ತಿಳಿಯುತ್ತದೆ. ಲೀಟರ್ ಅಳತೆಗೆ ತುಂಬಿ ತೂಗಿದರೆ ಗಟ್ಟಿಯೋ ಜೊಳ್ಳೋ ತಿಳಿಯುತ್ತದೆ. ಎರಡು ತೋಟದ ಕಾಳು ಒಂದೇ ರಾಶಿಗೆ ಬಿದ್ದರೆ ಮಾತ್ರ, ಐವತ್ತು ವರ್ಷ ಮೆಣಸು ಕೊಯ್ಸಿದ ನಮ್ಮಪ್ಪನಿಂದಲೂ ಬೇರ್ಪಡಿಸಲು ಆಗುತ್ತಿರಲಿಲ್ಲ.

2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. 2020ರ ಸೆಪ್ಟೆಂಬರಿನಿಂದ, ಸರಕು ಯಾವ ದೇಶದ್ದೆಂಬ ವಿವರ ಆಮದುದಾರನ ಕೈಯಲ್ಲೇ ಇರಬೇಕು, ಕಸ್ಟಮ್ಸ್‌ನವರು ಕೇಳಿದಾಗ ಕೊಡಬೇಕು. ಇದು ಬಹಳ ಮುಂಚೆಯೇ ಆಗಬೇಕಿತ್ತು.

ಧಾರಣೆ ಕುಸಿದದ್ದಕ್ಕೆಲ್ಲ ಒಪ್ಪಂದವೇ ಕಾರಣ ಎನ್ನಲಾರೆ. ವಿಯೆಟ್ನಾಂನಲ್ಲಿ ವಿಪರೀತ ಬೆಳೆದು ಜಗತ್ತಿನಲ್ಲೇ ಬೆಲೆ ಬಿದ್ದಿತ್ತು. ಆ ಏಟು ನಮಗೆ ನೇರ ತಗಲದಿರಲೆಂದೇ ಸುಂಕ ಇದ್ದದ್ದು. ಹಾಗಾಗಿ ನಿಮ್ಮ ಸಂಘದವರು ಮನವಿ ಬರೆಯುವಾಗ ‘ಒಪ್ಪಂದ ರದ್ದು ಮಾಡಿ’ ಎನ್ನಬೇಡಿ. ಸಾಫ್ಟಾದಡಿ ಬರುವ ಮೆಣಸಿಗೂ ಟನ್ ಲೆಕ್ಕದಲ್ಲಿ ಮಿತಿ ಹಾಕಿ ಎಂದು ಕೇಳಿ.