ಗೋಕರ್ಣದ ಕುಡ್ಲೆ ಬೀಚಿನಲ್ಲಿ ಹೊಸದಾಗಿ ಕೆಫೆ ತೆರೆಯುತ್ತಿದ್ದೇನೆ. ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂದು ಬೋರ್ಡ್ ಹಾಕಿದರೆ ಕಾನೂನಿನ ತೊಂದರೆ ಆಗುತ್ತದೆಯೇ?

ಧಾರಾಳವಾಗಿ ಹಾಕಬಹುದು. ಆದರೆ "ಸಾರ್ವಜನಿಕರಿಗೆ ತೆರೆದ ಜಾಗ ಅಲ್ವಾ, ಬೆಂಗಳೂರಿನವರು ನಾಯಿ ಕರೆದುಕೊಂಡೇ ಬರುತ್ತಾರೆ, ತಡೆದರೆ ಕೇಸ್ ಹಾಕ್ತಾರಾ" ಅಂತ ನೀವು ಬರೆದಿದ್ದು ಓದಿ ನನಗೆ ನನ್ನದೇ ಹಳೇ ಫಜೀತಿ ನೆನಪಾಯಿತು. ಕೇಸಿಗೆ ಹೆದರಬೇಡಿ. ನನಗೆ ಪೆಟ್ಟು ಬಿದ್ದದ್ದು ಕೋರ್ಟಿನಲ್ಲಿ ಅಲ್ಲವೇ ಅಲ್ಲ.

ಕಾರವಾರದಲ್ಲಿ ನನ್ನದೊಂದು ಮೀನೂಟದ ಹೊಟೇಲಿದೆ. ಹೆದ್ದಾರಿಗೆ ಹತ್ತಿರ, ಬೀಚಿನಿಂದ ನಡೆದೇ ಬರಬಹುದು. ಶುರು ಮಾಡಿದಾಗ ನಾಯಿ ಬಗ್ಗೆ ಯೋಚನೆಯೇ ಇರಲಿಲ್ಲ. ನಮ್ಮೂರಲ್ಲಿ ಯಾರು ನಾಯಿ ಕಟ್ಟಿಕೊಂಡು ಊಟಕ್ಕೆ ಬರ್ತಾರೆ ಹೇಳಿ? ಯಜಮಾನರು ಊಟಕ್ಕೆ ಹೋದರೆ ನಾಯಿ ಮನೆ ಕಾಯಬೇಕು.

ಒಬ್ಬರು ಮಾತ್ರ ಇದಕ್ಕೆ ಹೊರತು. ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮಾಸ್ತರರು. ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನದ ಊಟ ಅವರಿಗೆ ನಮ್ಮಲ್ಲೇ. ಜೊತೆಗೆ ಪಿಂಕಿ ಅಂತ ಒಂದು ಬಿಳಿ ಪೊಮೆರೇನಿಯನ್. ಕೈ ತೊಳೆಯುವ ಬೇಸಿನ್ ಪಕ್ಕದ ಮೂಲೆ ಮೇಜು ಅವರದ್ದು ಅಂತ ಊರಿಗೇ ಗೊತ್ತಿತ್ತು. ಮಾಸ್ತರರ ಚಪ್ಪಲಿ ಮೇಲೆ ಗದ್ದ ಇಟ್ಟುಕೊಂಡು ಪಿಂಕಿ ಮಲಗಿರುತ್ತಿತ್ತು. ಅವರು ಬಂಗಡೆಯ ಮುಳ್ಳು ಬಿಡಿಸಿ ಬಾಳೆಲೆಯ ಅಂಚಿಗೆ ಸರಿಸಿದಾಗಲೆಲ್ಲ ಕಣ್ಣು ಮಾತ್ರ ಆ ಕಡೆ ತಿರುಗುತ್ತಿತ್ತು. ಒಂದು ದಿನವೂ ಬೊಗಳಿದ್ದಿಲ್ಲ. ನಾಯಿ ಹೊರಗೆ ಬಿಡಿ ಅಂತ ಮಾಸ್ತರರಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಬರುತ್ತಿರಲಿಲ್ಲ ಬಿಡಿ.

ಆಮೇಲೆ ಗೋವಾಕ್ಕೆ ಹೋಗುವ ಕಾರುಗಳ ಹಿಂದಿನ ಸೀಟಿನಲ್ಲಿ ನಾಯಿಗಳು ಕಾಣಿಸತೊಡಗಿದವು. ಫೋನ್ ಮಾಡಿ ಕೇಳುತ್ತಿದ್ದರು, ಪೆಟ್ ತರಬಹುದಾ ಅಂತ. ಗಲ್ಲಾದಲ್ಲಿ ಕೂರುವ ನಮ್ಮ ಹುಡುಗ ಎಲ್ಲದಕ್ಕೂ ಹೌದು ಅನ್ನುವ ಗಿರಾಕಿ. ಎಸಿ ಇದೆಯಾ ಅಂದರೆ ಹೌದು, ಪಾರ್ಕಿಂಗ್ ಇದೆಯಾ ಅಂದರೆ ಹೌದು, ನಾಯಿ ತರಬಹುದಾ ಅಂದರೂ ಹೌದು ಬನ್ನಿ ಸರ್. ಎಸಿ ನಮ್ಮಲ್ಲಿ ಇವತ್ತಿಗೂ ಇಲ್ಲ.

ಡಿಸೆಂಬರಿನ ಒಂದು ಭಾನುವಾರ ಹುಬ್ಬಳ್ಳಿಯ ಕುಟುಂಬವೊಂದು ಹಾಗೆ ಫೋನ್ ಮಾಡಿಯೇ ಬಂತು. ಜೊತೆಗೆ ವರ್ಷವೂ ತುಂಬದ ಲ್ಯಾಬ್ರಡಾರ್. ಆಗಷ್ಟೇ ಸಮುದ್ರಕ್ಕೆ ಇಳಿದು ಬಂದಿತ್ತು. ಹೊಟ್ಟೆಯ ಕೂದಲಿಗೆಲ್ಲ ಮರಳು, ಬಾಲದ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊಟೇಲು ತುಂಬಿತ್ತು. ಇಸ್ವಣ ಫ್ರೈ, ತಿಸ್ರೆ, ಊಟ ಎಲ್ಲ ಹೇಳಿದರು. ತಟ್ಟೆಗಳು ಬಂದವು. ಅಷ್ಟರಲ್ಲಿ ನಾಯಿ ಎದ್ದು ನಿಂತು ಮೈ ಕೊಡವಿತು. ಪಕ್ಕದ ಮೇಜಿನ ಸೋಲ್‌ಕಡಿ ಲೋಟಕ್ಕೆ ಮರಳು ಬಿತ್ತು. ಆ ಮೇಜಿನಲ್ಲಿದ್ದ ಮಗು ಚೀರಿಕೊಂಡು ಕುರ್ಚಿ ಹತ್ತಿತು, ಅದರ ತಾಯಿ ನನ್ನ ಕಡೆ ನೋಡಿದರು. ಆ ನೋಟ ಹೊಟೇಲು ನಡೆಸುವವರಿಗೆಲ್ಲ ಗೊತ್ತು.

ನಾನು ಹೋಗಿ ಮೆತ್ತಗೆ ಹೇಳಿದೆ, "ಸರ್, ಬೇಜಾರು ಮಾಡ್ಕೋಬೇಡಿ, ನಾಯಿಯನ್ನ ಹೊರಗೆ ಕಟ್ಟಬಹುದಾ? ನೆರಳಿದೆ, ನೀರು ಇಡ್ತೇನೆ."

ಅವರು ತಲೆ ಎತ್ತಿ ಸೀದಾ ಮೂಲೆ ಮೇಜಿನತ್ತ ಕೈ ತೋರಿಸಿದರು. "ಅಲ್ರೀ, ಆ ನಾಯಿಗೆ ಒಳಗ ಜಾಗ ಐತಿ, ನಮ್ಮ ನಾಯಿಗೆ ಬಿಸಿಲಾಗ ಕಟ್ಟಬೇಕೇನ್ರಿ? ಫೋನಿನ್ಯಾಗ ಹೌದಂದ್ರಲ್ರಿ!"

ಏನು ಹೇಳಲಿ? ಅವರು ಹೇಳಿದ್ದು ಅಕ್ಷರಶಃ ನಿಜ. ಮಾಸ್ತರರು ಊಟ ಅರ್ಧಕ್ಕೇ ಬಿಟ್ಟು ಪಿಂಕಿಯನ್ನು ಎತ್ತಿಕೊಂಡು ಹೊರಟುಬಿಟ್ಟರು. ಹುಬ್ಬಳ್ಳಿಯವರು ತಟ್ಟೆ ಮುಟ್ಟದೆ ಎದ್ದರು. ದುಡ್ಡು ಕೇಳುವ ಮುಖ ನನಗಿರಲಿಲ್ಲ. ಅವರ ಮಗಳು ಅಷ್ಟೂ ಹೊತ್ತು ಮೊಬೈಲ್ ಹಿಡಿದಿದ್ದಳು ಅಂತ ಗೊತ್ತಾಗಿದ್ದು ಸಂಜೆ.

ವಿಡಿಯೋದಲ್ಲಿ ಎರಡೂ ನಾಯಿ ಇದ್ದವು, ನಾನೂ ಇದ್ದೆ. ನಾಯಿ ಪ್ರೀತಿಸುವವರು ನಾನು ಊರಿಗೊಂದು ನ್ಯಾಯ ಮಾಡ್ತೇನೆ ಅಂತ ಬೈದರು. ನಾಯಿ ಆಗದವರು ಊಟದ ಹಾಲಿನಲ್ಲಿ ನಾಯಿ ಸಾಕಿದ್ದಾನೆ ಅಂತ ಬೈದರು. ಯಾರೋ ದೂರು ಕೊಟ್ಟು ಆಹಾರ ಸುರಕ್ಷತೆಯ ಅಧಿಕಾರಿ ಬಂದರು, ಸುಧಾರಣಾ ನೋಟಿಸ್ ಕೊಟ್ಟರು. ಅದನ್ನು ಸರಿಪಡಿಸಿಕೊಂಡೆ, ಅದೇನು ದೊಡ್ಡದಲ್ಲ. ದೊಡ್ಡ ಏಟು ಅಂದರೆ ಶನಿವಾರ ಶನಿವಾರ ಪ್ರವಾಸಿಗರ ಬಸ್ಸು ತಂದು ನಿಲ್ಲಿಸುತ್ತಿದ್ದ ಟೂರಿನವರು ವಿಡಿಯೋ ನೋಡಿ ಬೇರೆ ಹೊಟೇಲು ಹಿಡಿದರು. ಆ ಸೀಸನ್ನಿನ ಲಾಭ ಅಲ್ಲಿಗೆ ಮುಗಿಯಿತು.

ಎಲ್ಲರೂ ಅಂದುಕೊಳ್ಳೋದು ನಾನು ಮಾಸ್ತರರ ನಾಯಿಯನ್ನು ಬಿಟ್ಟಿದ್ದೇ ತಪ್ಪು ಅಂತ. ಅಲ್ಲ. ಅದು ತಪ್ಪೇ, ಆದರೆ ದುಡ್ಡು ಕಳೆದದ್ದು ಅದರಿಂದಲ್ಲ. ನಾನು ‘ಇಲ್ಲ’ ಅಂದ ಹೊತ್ತು ತಪ್ಪು. ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದರೆ ನೀವೂ ಮಾಡುವುದು ಇದನ್ನೇ. ಫೋನಿನಲ್ಲೇ ಇಲ್ಲ ಅಂದಿದ್ದರೆ ಅವರು ಇನ್ನೊಂದು ಹೊಟೇಲಿಗೆ ಫೋನ್ ಮಾಡುತ್ತಿದ್ದರು, ನನಗೆ ಒಂದು ಮೇಜಿನ ವ್ಯಾಪಾರ ಹೋಗುತ್ತಿತ್ತು. ಬಾಗಿಲಲ್ಲಿ ಇಲ್ಲ ಅಂದಿದ್ದರೆ ಮುಖ ಸಿಂಡರಿಸಿ ಹೋಗುತ್ತಿದ್ದರು. ಕೂತ ಮೇಲೆ ಹೇಳಿದರೂ ಒಂದಷ್ಟು ಗೊಣಗಾಟ. ನಾನು ಹೇಳಿದ್ದು ಯಾವಾಗ? ಫೋನಿನಲ್ಲಿ ಹೌದು ಅಂದು, ಬಾಗಿಲಲ್ಲಿ ನಕ್ಕು, ಆರ್ಡರ್ ಬರೆದುಕೊಂಡು, ಮೀನು ತಟ್ಟೆಗೆ ಬಿದ್ದ ಮೇಲೆ. ಅದೂ ಹೆಂಡತಿ ಮಕ್ಕಳ ಎದುರು, ತುಂಬಿದ ಹೊಟೇಲಿನಲ್ಲಿ, ಇನ್ನೊಂದು ನಾಯಿ ಆರಾಮಾಗಿ ಮಲಗಿರುವಾಗ. ಆ ಹೊತ್ತಿಗೆ ವಿಷಯ ನಾಯಿಯದ್ದಾಗಿ ಉಳಿದಿರಲಿಲ್ಲ, ಆ ಮನುಷ್ಯನ ಮರ್ಯಾದೆಯದ್ದಾಗಿತ್ತು. ನಾನೇ ಅವರ ಜಾಗದಲ್ಲಿದ್ದರೆ ಇನ್ನೂ ಜೋರು ಮಾತಾಡುತ್ತಿದ್ದೆ.

ಕಾನೂನು ತಿಳಿದುಕೊಂಡದ್ದು ಇಷ್ಟೆಲ್ಲ ಆದ ಮೇಲೆ. ನಮ್ಮ ಭಾವ ಕಾರವಾರ ಕೋರ್ಟಿನಲ್ಲಿ ವಕೀಲ. ನಿಮ್ಮ ‘ಸಾರ್ವಜನಿಕರಿಗೆ ತೆರೆದ ಜಾಗ’ದ ಮಾತನ್ನೇ ನಾನೂ ಅವರಿಗೆ ಹೇಳಿದ್ದೆ. ಅವರು ನಕ್ಕರು. ಸಂವಿಧಾನದ 15ನೇ ವಿಧಿ ಅಂಗಡಿ, ಹೊಟೇಲು, ಮನರಂಜನೆಯ ಜಾಗಗಳ ಹೆಸರು ಹಿಡಿದೇ ಮಾತಾಡುತ್ತದೆ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣಕ್ಕೆ ಯಾವ ಪ್ರಜೆಯನ್ನೂ ತಡೆಯುವಂತಿಲ್ಲ. "ನಾಯಿ ಪ್ರಜೆ ಅಲ್ಲ ಮಾರಾಯ, ನಾಯಿಯ ಯಜಮಾನ ಪ್ರಜೆ. ಅವನು ಒಳಗೆ ಬರಬಹುದು, ನೀನು ತಡೆಯೋದು ನಾಯಿಯನ್ನ" ಅಂದರು.

ಇನ್ನೊಂದು ವಿಷಯ ಕೇಳಿ ನಾನೇ ಬೆಚ್ಚಿದೆ. ಆಹಾರ ವ್ಯಾಪಾರದ ಪರವಾನಗಿಗೆ ಅಂತ 2011ರ ನಿಯಮಗಳಿವೆ. ಅದರ ನಾಲ್ಕನೇ ಶೆಡ್ಯೂಲಿನಲ್ಲಿ ಪ್ರಾಣಿ, ಪಕ್ಷಿ, ಸಾಕುಪ್ರಾಣಿಗಳನ್ನು ಆಹಾರದ ಜಾಗದೊಳಗೆ ಬಿಡಬಾರದು ಅಂತ ಬರೆದಿದೆ. ಅಂದರೆ ನೀವು ಬೋರ್ಡ್ ಹಾಕಲು ಅನುಮತಿ ಕೇಳುತ್ತಿದ್ದೀರಿ, ನಿಯಮ ನೋಡಿದರೆ ಒಳಗೆ ಬಿಡುವುದೇ ತಪ್ಪು. ಸ್ವಚ್ಛತೆ ಇಲ್ಲದೆ ಆಹಾರ ತಯಾರಿಸಿದರೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಲು 2006ರ ಆಹಾರ ಸುರಕ್ಷತೆಯ ಕಾಯ್ದೆಯಲ್ಲಿ ಅವಕಾಶವಿದೆ. ಬೆಂಗಳೂರಲ್ಲಿ ನಾಯಿಗೆಂದೇ ಮೆನು ಇಟ್ಟ ಕೆಫೆಗಳಿವೆ, ನಡೀತಾನೂ ಇವೆ, ಗೊತ್ತು. ಅವರನ್ನು ನೋಡಿ ನೀವು ಧೈರ್ಯ ಮಾಡಬೇಡಿ. ದೂರು ಬಂದ ದಿನ ನಿಮ್ಮ ಪರವಾಗಿ ತೋರಿಸಲು ಒಂದು ಸಾಲು ಸಿಗುವುದಿಲ್ಲ.

ಗಿರಾಕಿಗಳು ಇನ್ನೊಂದು ವಾದ ತರುತ್ತಾರೆ, ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ ಅಂತ. ಅದು ಪ್ರಾಣಿ ಕಲ್ಯಾಣ ಮಂಡಳಿ ಅಪಾರ್ಟ್‌ಮೆಂಟ್ ಸಂಘಗಳಿಗೆ ಹೇಳಿದ ಮಾತು. ಅವರವರ ಮನೆಯಲ್ಲಿ ಸಾಕುವ ವಿಷಯ ಅದು. ನಿಮ್ಮ ಕೆಫೆಗೂ ಅದಕ್ಕೂ ಸಂಬಂಧ ಇಲ್ಲ.

ಕಣ್ಣು ಕಾಣದವರು ಗೈಡ್ ನಾಯಿ ಹಿಡಿದು ಬಂದರೆ ಮಾತ್ರ ದಯವಿಟ್ಟು ಬೋರ್ಡ್ ತೋರಿಸಬೇಡಿ. ನಮ್ಮ ದೇಶದಲ್ಲಿ ಅಂಥ ನಾಯಿಗಳು ತೀರಾ ಕಡಿಮೆ, ಕುಡ್ಲೆಗೆ ವಿದೇಶದವರು ಬರುತ್ತಾರಲ್ಲ, ಒಂದಲ್ಲ ಒಂದು ದಿನ ಬಂದೀತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವರಿಗೆ ತಾರತಮ್ಯ ಮಾಡಬಾರದು ಅನ್ನುತ್ತದೆ. ಅವರನ್ನು ಹೊರಗಿನ ಅಂಚಿನ ಮೇಜಿನಲ್ಲಿ ಮರ್ಯಾದೆಯಿಂದ ಕೂರಿಸಿ. ಯಾರಾದರೂ ಗಿರಾಕಿ ಆಕ್ಷೇಪಿಸಿದರೆ, ಆಕ್ಷೇಪಿಸಿದವರನ್ನೇ ಬೇರೆ ಮೇಜಿಗೆ ಕಳಿಸಿ. ಇದರಲ್ಲಿ ನಾನು ಹಟಮಾರಿ.

ಈಗ ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆ ಇಲ್ಲದ್ದು. ನೀವು ಕಾರಿನಲ್ಲಿ ಬರುವ ನಾಯಿಯ ಚಿಂತೆಯಲ್ಲಿದ್ದೀರಿ. ಕುಡ್ಲೆಯಲ್ಲಿ ನಿಮಗೆ ತಲೆನೋವು ಕೊಡುವುದು ಅಲ್ಲೇ ಹುಟ್ಟಿ ಬೆಳೆದ ನಾಯಿಗಳು. ಅವು ಬೋರ್ಡ್ ಓದುವುದಿಲ್ಲ, ಫೋನ್ ಮಾಡಿ ಬರುವುದಿಲ್ಲ. ಗಿರಾಕಿಯ ಹಿಂದೆಯೇ ಮರಳಿನ ಮೇಲೆ ನಡೆದು ಬಂದು ಮೇಜಿನ ಕೆಳಗೆ ಮಲಗುತ್ತವೆ, ಗಿರಾಕಿಯೇ ಬ್ರೆಡ್ ಹಾಕುತ್ತಾನೆ. ಮಳೆಗಾಲ ಹಿಡಿಯಿತು ಅಂದರೆ ಇಡೀ ಹಿಂಡು ನಿಮ್ಮ ಜಗಲಿಯಲ್ಲೇ. ಅವುಗಳನ್ನು ಹೊಡೆಯುವಂತಿಲ್ಲ, ಎತ್ತಿಕೊಂಡು ಹೋಗಿ ಬೇರೆ ಊರಲ್ಲಿ ಬಿಡುವಂತಿಲ್ಲ. ಪ್ರಾಣಿಗಳ ಸಂತಾನ ನಿಯಂತ್ರಣದ 2023ರ ನಿಯಮದ ಪ್ರಕಾರ ಹಿಡಿದು, ಸಂತಾನಹರಣ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಅದೇ ಜಾಗಕ್ಕೆ ತಂದು ಬಿಡಬೇಕು. ಅದು ಸ್ಥಳೀಯ ಸಂಸ್ಥೆಯ ಕೆಲಸ, ಗೋಕರ್ಣದಲ್ಲಿ ಅಂದರೆ ಪಂಚಾಯ್ತಿ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿ ನಾಯಿ ತೆಗೆಯಿರಿ ಅಂದಿತಲ್ಲ, ಆ ಪಟ್ಟಿಯಲ್ಲಿ ಹೊಟೇಲು, ಕೆಫೆ ಇಲ್ಲ.

ನಮ್ಮ ಅಡಿಗೆಯ ಹುಡುಗನೊಬ್ಬ ಒಂದು ಸಲ ಹಿಂಬಾಗಿಲಿನಿಂದ ನಾಯಿ ಮೇಲೆ ಬಿಸಿ ಗಂಜಿತಿಳಿ ಎರಚಿದ್ದ. ಅವತ್ತೇ ಅವನಿಗೆ ಲೆಕ್ಕ ಚುಕ್ತಾ ಮಾಡಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ ಅನ್ನೋದು ಆಮೇಲಿನ ಮಾತು, ಸುಮ್ನೆ ನನಗೆ ಅಂಥವರು ಬೇಡ.

ನಾನು ಈಗ ಮಾಡಿರುವುದು ಇಷ್ಟು. ಕನ್ನಡ, ಇಂಗ್ಲಿಷ್, ಹಿಂದಿಯಲ್ಲಿ ಬೋರ್ಡ್ ಗೇಟಿಗೇ ಹಾಕಿದ್ದೇನೆ. ಗೂಗಲ್ ಮ್ಯಾಪಿನಲ್ಲೂ ಬರೆದಿದ್ದೇನೆ. ಗೇಟಿನ ಹೊರಗೆ ಬಾದಾಮಿ ಮರದ ನೆರಳಲ್ಲಿ ನಾಯಿ ಕಟ್ಟಲು ಕಬ್ಬಿಣದ ಬಳೆ, ನೀರಿನ ಬೋಗುಣಿ, ಎರಡು ಮೇಜು. ನಾಯಿ ಬಿಟ್ಟಿರಲಾಗದವರು ಅಲ್ಲೇ ಕೂರಬಹುದು, ಪಾರ್ಸೆಲ್ ತಂದು ಕೊಡ್ತೇವೆ. ಹಗ್ಗ ಕೈಬಿಡುವಂತಿಲ್ಲ. ಅಜಾಗರೂಕತೆಯಿಂದ ನಾಯಿ ಯಾರಿಗಾದರೂ ಕಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಯಜಮಾನರ ಮೇಲೆ ಬರುತ್ತದೆ, ಆರು ತಿಂಗಳವರೆಗೆ ಜೈಲೂ ಆಗಬಹುದು. ಇದನ್ನು ಹೇಳಿದರೆ ಹಗ್ಗ ತಾನಾಗಿ ಬಿಗಿಯಾಗುತ್ತದೆ. ಮಾಸ್ತರರಿಗೂ ಅದೇ ನಿಯಮ. ಮನೆಗೆ ಹೋಗಿ ಹೇಳಿ ಬಂದೆ, "ನೀನು ಮೊದಲೇ ಹೇಳಬೇಕಿತ್ತೋ" ಅಂತ ಬೈದರು. ಈಗ ಹೊರಗಿನ ಮೇಜಿನಲ್ಲಿ ಊಟ ಮಾಡ್ತಾರೆ.

ನಿಮ್ಮಲ್ಲಿ ಗಾಡಿಯನ್ನು ಮೇಲುಗಡೆ ನಿಲ್ಲಿಸಿ ಬೀಚಿಗೆ ಇಳಿದು ಬರಬೇಕು. ಇಳಿದು ಬಂದವರನ್ನು ವಾಪಸ್ ಹತ್ತಿಸಿದರೆ ಬೈಗುಳ ಗ್ಯಾರಂಟಿ, ಆದ್ದರಿಂದ ಬೋರ್ಡ್ ಗಾಡಿ ನಿಲ್ಲಿಸುವಲ್ಲೇ ಇರಲಿ. ಫೋನ್ ಎತ್ತುವವನಿಗೆ ಇಲ್ಲ ಅನ್ನೋದು ಕಲಿಸಿ. ಪಂಚಾಯ್ತಿಗೆ ಲಸಿಕೆ ವಿಷಯದಲ್ಲಿ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಹಿಂಬದಿ ಹೋಗಿ ಮೀನು ತೊಳೆಯುವ ಜಾಗ ನೋಡಿ. ಅಲ್ಲಿ ಬಾಗಿಲು ಇಲ್ಲದಿದ್ದರೆ, ಮೀನಿನ ತಲೆ, ಕರುಳು ಹಾಕಲು ಮುಚ್ಚಳವಿರುವ ಡ್ರಮ್ ಇಡುವಷ್ಟು ಜಾಗ ಇಲ್ಲದಿದ್ದರೆ, ಮಾಲೀಕರಿಂದ ಮೊದಲು ಅದನ್ನು ಮಾಡಿಸಿಕೊಳ್ಳಿ. ಅಡ್ವಾನ್ಸ್ ಕೊಟ್ಟ ಮೇಲೆ ಮಾಡಿಕೊಡುವುದಿಲ್ಲ.